ಕೇಳಿ ತಿನ್ನುವುದರಲ್ಲಿ ನಾಚಿಕೆಯಿಲ್ಲ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಅನೇಕರು ಪಿ.ಯು.ಸಿ. ಮುಗಿಸಿ ಬೆಂಗಳೂರಿಗೆ ಹೋಗುವವರು. ಕಾಲೇಜು, ಹಾಸ್ಟೆಲುಗಳ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಗೆಳೆಯರ ಜೊತೆ ಕೊರಿಯನ್ ಹೋಟೆಲಿಗೆ ಹೋಗುವ ವಿಷಯ. ನಗಬೇಡಿ, ಇದರಲ್ಲಿ ಕಲಿಯುವುದಿದೆ.

ಕೊರಿಯಾ ನಮಗೆ ಈಗ ದೂರದ ದೇಶವಲ್ಲ. ಪಾವಗಡದ ಗಡಿಯಾಚೆಗಿನ ಪೆನುಕೊಂಡದ ಹತ್ತಿರ ಕಿಯಾ ಕಾರು ಕಾರ್ಖಾನೆ 2019ರಲ್ಲಿ ಉತ್ಪಾದನೆ ಆರಂಭಿಸಿತು. ಕೊರಿಯಾದ ಇಂಜಿನಿಯರುಗಳ ಹಿಂದೆಯೇ ಅವರ ಊಟದ ಹೋಟೆಲುಗಳೂ ಆ ಭಾಗಕ್ಕೆ ಬಂದವು. ಬೆಂಗಳೂರಿನ ಕಮ್ಮನಹಳ್ಳಿ ಕಡೆಯಲ್ಲಿ ಇಂಥ ಹೋಟೆಲುಗಳು ಮೊದಲೇ ಇದ್ದವು. 2020ರ ಲಾಕ್‌ಡೌನ್ ಕಾಲದಲ್ಲಿ ಯುವಕ ಯುವತಿಯರು ಕೊರಿಯನ್ ಧಾರಾವಾಹಿಗಳನ್ನು ನೋಡಿದರು, ಬಿ.ಟಿ.ಎಸ್. ಹಾಡುಗಳನ್ನು ಕೇಳಿದರು. ಆಮೇಲೆ ಅಲ್ಲಿ ಕಾಲೇಜು ಹುಡುಗರ ಗುಂಪುಗಳೇ ತುಂಬತೊಡಗಿದವು.

ಆ ಊಟ ನಮಗೆ ತೀರಾ ಹೊಸದೂ ಅಲ್ಲ. ಕಿಮ್ಚಿ ಎಂದರೆ ಎಲೆಕೋಸಿನ ಜಾತಿಯ ಸೊಪ್ಪಿಗೆ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಹುಳಿ ಬರಿಸಿದ ಉಪ್ಪಿನಕಾಯಿ. ಬಿಬಿಂಬಾಪ್ ಎಂದರೆ ತರಕಾರಿ, ಮೊಟ್ಟೆ, ಮಾಂಸ, ಖಾರ ಸೇರಿಸಿ ಕಲಸಿದ ಅನ್ನ. ನಮ್ಮಂತೆ ಅವರಿಗೂ ಮೆಣಸಿನಕಾಯಿ ಬಂದದ್ದು ಅಮೆರಿಕ ಖಂಡದಿಂದಲೇ.

ಆದರೆ ತಿಳಿದಿರಬೇಕಾದ ಸಂಗತಿಗಳಿವೆ. ಸಮ್‌ಗ್ಯೊಪ್‌ಸಾಲ್ ಎಂಬುದು ಹಂದಿ ಮಾಂಸ; ಅದನ್ನು ಮೇಜಿನ ಮೇಲಿನ ತವೆಯಲ್ಲೇ ಸುಡುತ್ತಾರೆ. ಸೋಜು ಎಂಬುದು ಮದ್ಯ. ಗೊಚುಜಾಂಗ್ ಎಂಬ ಖಾರದ ಪೇಸ್ಟು ಕೆಡದಂತೆ ಅನೇಕ ಕಂಪನಿಗಳು ಅದಕ್ಕೆ ಮದ್ಯಸಾರ ಸೇರಿಸುತ್ತವೆ. ಪೊಟ್ಟಣದ ಮೇಲಿನ ಹಸಿರು ಗುರುತು ಸಸ್ಯಾಹಾರವೆಂದು ಹೇಳುತ್ತದೆಯೇ ಹೊರತು ಮದ್ಯಸಾರವಿಲ್ಲವೆಂದು ಹೇಳುವುದಿಲ್ಲ. ಕಿಮ್ಚಿಗೆ ಸಾಮಾನ್ಯವಾಗಿ ಸೀಗಡಿ ಅಥವಾ ಮೀನಿನ ರಸ ಹಾಕುವುದರಿಂದ ನಿಮ್ಮ ಸಸ್ಯಾಹಾರಿ ಗೆಳೆಯನೂ ಕೇಳಲೇಬೇಕು.

ಆದ್ದರಿಂದ ಆರ್ಡರ್ ಕೊಡುವ ಮೊದಲು ಕೇಳಿ: ಮಾಂಸ ಹಲಾಲೇ? ಸಾಸಿನಲ್ಲಿ ಮದ್ಯಸಾರವಿದೆಯೇ? ತವೆ ಬೇರೆಯೇ? ಸೋಲ್ ನಗರದ ಇತೆವಾನ್‌ನಲ್ಲಿ 1976ರಿಂದ ಮಸೀದಿಯಿದೆ. ಕೊರಿಯಾದ ಮುಸ್ಲಿಂ ಒಕ್ಕೂಟ ಅಲ್ಲಿನ ಆಹಾರ ಕಂಪನಿಗಳಿಗೆ ಹಲಾಲ್ ಪ್ರಮಾಣಪತ್ರ ಕೊಡುತ್ತದೆ. ಮಲೇಷ್ಯಾ, ಇಂಡೋನೇಷ್ಯಾದ ಗ್ರಾಹಕರು ಕೇಳಿದರು, ಕಂಪನಿಗಳು ಹಲಾಲ್ ಸರಕು ತಯಾರಿಸಿದವು. ಕೇಳುವವರಿಗೆ ಅಷ್ಟು ಬೆಲೆಯಿದೆ.

ಮಿತ್ರರೇ, ನನ್ನ ಚಿಂತೆ ಊಟದ್ದು ಮಾತ್ರವಲ್ಲ. ನಮ್ಮ ಕಡೆಯ ಮಕ್ಕಳು ನಗರದ ಗೆಳೆಯರ ನಡುವೆ ಬಾಯಿ ಬಿಡುವುದಿಲ್ಲ. ಅನುಮಾನದಲ್ಲೇ ತಿನ್ನುತ್ತಾರೆ, ಇಲ್ಲವೇ ಹಸಿವಿಲ್ಲವೆಂದು ಸುಳ್ಳು ಹೇಳಿ ಸುಮ್ಮನೆ ಕೂರುತ್ತಾರೆ, ಕೊನೆಗೆ ಗೆಳೆಯರಿಂದಲೇ ದೂರವಾಗುತ್ತಾರೆ. ಇದೇ ಸಂಕೋಚ ತರಗತಿಯಲ್ಲೂ ಕಾಡುತ್ತದೆ. ಇಂಗ್ಲಿಷ್ ತಪ್ಪಾದೀತೆಂದು ಲೆಕ್ಚರರನ್ನು ಕೇಳುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ಕೊಡಬೇಕೆಂದು ವಿಚಾರಿಸುವುದಿಲ್ಲ, ಕೊನೆಯ ದಿನಾಂಕ ದಾಟಿಹೋಗುತ್ತದೆ.

ಬೆಲೆಯನ್ನೂ ಕೇಳಿ. ಅಪ್ಪ ಶೇಂಗಾ ಮಾರಿಯೋ ಗ್ಯಾರೇಜಿನಲ್ಲಿ ದುಡಿದೋ ಕಳಿಸಿದ ಹಣವದು. “ಈ ತಿಂಗಳು ನನಗೆ ಆಗುವುದಿಲ್ಲ ಕಣೋ” ಎಂದರೆ ನಿಜವಾದ ಗೆಳೆಯ ನಗುವುದಿಲ್ಲ.

ಕೊರಿಯನ್ನರು ಹೋದಲ್ಲೆಲ್ಲ ಕಿಮ್ಚಿಯನ್ನು ನಾಚಿಕೆಯಿಲ್ಲದೆ ಕೊಂಡೊಯ್ದರು. ಮನೆಮಂದಿ, ನೆರೆಹೊರೆಯವರು ಸೇರಿ ಅದನ್ನು ಹಾಕುವ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ರಾಗಿ ಮುದ್ದೆ, ಹುರುಳಿ ಸಾರಿನ ಊರಿನವರು ನಾವು. ರಜೆಗೆ ಬರುವಾಗ ಬೆಂಗಳೂರಿನ ಗೆಳೆಯರನ್ನೂ ಕರೆತನ್ನಿ. ಅವರು ಏನೇ ಕೇಳಲಿ, ನಿಮ್ಮ ತಾಯಿ ಸಂತೋಷದಿಂದ ಉತ್ತರ ಹೇಳುತ್ತಾರೆ.