ಗಾಡಿಯ ಹಿಂದಿನ ಗಾಜು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ನನ್ನ ವಿಷಯ ಚಿಕ್ಕದು. ಕಾರಿನ ಅಥವಾ ವ್ಯಾನಿನ ಹಿಂದಿನ ಗಾಜು ಒಡೆದರೆ ಅದನ್ನು ನಾವೇ ಕೂರಿಸಬಹುದೇ ಎಂಬುದು. "ಹೋಟೆಲಿನವರಿಗೂ ಗಿರಣಿಯವರಿಗೂ ಕಾರಿನ ಮಾತೇಕೆ ಸ್ವಾಮಿ?" ಎಂದು ತಾವು ಕೇಳಬಹುದು. ಆದರೆ ಬೆಳಗಿನ ಜಾವ ಆಜಾದಪುರದ ಮಂಡಿಯಿಂದ ತರಕಾರಿ ತರುವ ಓಮ್ನಿ ವ್ಯಾನನ್ನು ಓಡಿಸುವವರು ನಮ್ಮವರೇ. ಮದುವೆಯ ಅಡುಗೆ ಒಪ್ಪಿಕೊಂಡು ಸಾಂಬಾರಿನ ಹಂಡೆ ಸಾಗಿಸುವವರೂ ನಮ್ಮವರೇ. ನಾಲ್ಕು ಜನ ಸೇರಿ ಹಳೆಯ ಕಾರು ಕೊಂಡು ಫರೀದಾಬಾದಿಗೋ ಮಾನೇಸರಕ್ಕೋ ಪಾಳಿಗೆ ಹೋಗುವವರೂ ಇದ್ದಾರೆ. ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆಯೂ ನಿಂತಂತೆ. ಆದುದರಿಂದ ನಮ್ಮ ಕೈಗೆ ಬರುವ ಕೆಲಸ ಯಾವುದು, ಬಾರದ ಕೆಲಸ ಯಾವುದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಗಾಜಿನ ಜಾತಿ ತಿಳಿಯೋಣ. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಒತ್ತಿದ್ದು. ಏಟು ಬಿದ್ದರೆ ಸೀಳುತ್ತದೆ, ಉದುರುವುದಿಲ್ಲ. ಹಿಂದಿನದು ಸಾಮಾನ್ಯವಾಗಿ ಹದಗೊಳಿಸಿದ ಒಂಟಿ ಗಾಜು. ಅದನ್ನು 600 ಡಿಗ್ರಿಗೂ ಮಿಗಿಲಾಗಿ ಕಾಯಿಸಿ, ಎರಡು ಮೈಗೂ ಒಂದೇ ಸಮನೆ ಜೋರಾಗಿ ಗಾಳಿ ಊದಿ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಭಾಗ ಆಮೇಲೆ ಕುಗ್ಗುತ್ತ ಮೇಲ್ಮೈಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಈ ಬಿಗಿಯೇ ಅದರ ಬಲ. ಬಿಗಿ ಒಂದು ಕಡೆ ತಪ್ಪಿತೆಂದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಪುಡಿ! ಹದಗೊಳಿಸಿದ ಮೇಲೆ ಅದನ್ನು ಕತ್ತರಿಸಲಾಗದು, ಅಂಚು ಉಜ್ಜಿ ಚಿಕ್ಕದು ಮಾಡಲೂ ಆಗದು. "ಸ್ವಲ್ಪ ದೊಡ್ಡದಿದೆ, ತಿಕ್ಕಿ ಕೊಡುತ್ತೇನೆ" ಎಂದು ಅಂಗಡಿಯವನು ಹೇಳಿದರೆ ಆ ಅಂಗಡಿಯಿಂದ ಇಳಿದುಬನ್ನಿ.

ಗಾಜು ಕೂರಿಸುವ ಕ್ರಮ ಎರಡು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿಯಂಥ ಹಳೆಯ ಗಾಡಿಗಳಲ್ಲಿ ದಪ್ಪ ರಬ್ಬರು ಗಾಜನ್ನೂ ತಗಡನ್ನೂ ಕಚ್ಚಿ ಹಿಡಿದಿರುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಹೊಸ ಕಾರುಗಳಲ್ಲಿ ಗಾಜನ್ನು ಯುರಿಥೇನ್ ಎಂಬ ಅಂಟಿನಿಂದ ಮೈಗೇ ಅಂಟಿಸಿರುತ್ತಾರೆ. ಗುರುತು ಸುಲಭ: ಅಂಚಿನ ಸುತ್ತ ಮೆತ್ತನೆಯ ರಬ್ಬರಿನ ತುಟಿ ಗಾಜಿನ ಮೇಲೂ ತಗಡಿನ ಮೇಲೂ ಹೊದ್ದಿದ್ದರೆ ಮೊದಲನೆಯದು. ಗಾಜಿನ ಅಂಚಿಗೆ ಕಪ್ಪು ಪಟ್ಟಿ ಬಳಿದು, ರಬ್ಬರಿನ ಹಿಡಿತ ಕಾಣದಿದ್ದರೆ ಎರಡನೆಯದು.

ಅಂಟಿನ ಗಾಜಿಗೆ ನಾವು ಕೈ ಹಾಕಬಾರದು. ಅದಕ್ಕೆ ತಕ್ಕ ಪ್ರೈಮರು ಬೇಕು, ಅಂಟು ಹದಕ್ಕೆ ಬರುವವರೆಗೆ ಗಾಡಿ ನಿಲ್ಲಬೇಕು. ಬಜಾರಿನ ಸಾಮಾನ್ಯ ಸಿಲಿಕೋನಿನಿಂದ ಅಂಟಿಸಿದ ಗಾಜು ಹೆದ್ದಾರಿಯಲ್ಲಿ ಕಿತ್ತು ಹಿಂದೆ ಬರುವ ಮೋಟಾರ್ ಸೈಕಲ್ಲಿನವನ ಎದೆಗೆ ಬಿದ್ದರೆ ಹೊಣೆ ಯಾರದು? ಅಂಥ ಕೆಲಸ ಬಲ್ಲವರಿಗೇ ಬಿಡಿ. ವಿಮೆಯಲ್ಲಿ ಗಾಜು ಸೇರಿದೆಯೇ, ಹಣ ಕೇಳಿದರೆ ಮುಂದಿನ ವರ್ಷದ ರಿಯಾಯಿತಿ ತಪ್ಪುತ್ತದೆಯೇ ಎಂದೂ ವಿಚಾರಿಸಿ.

ಇನ್ನು ರಬ್ಬರಿನ ಗಾಜು. ಇದನ್ನು ಇಬ್ಬರು ಸೇರಿದರೆ ಕೂರಿಸಬಹುದು. ಆದರೆ ಅದಕ್ಕೂ ಮೊದಲು ಎರಡು ಅಪಾಯಗಳ ಮಾತು ಹೇಳಬೇಕು.

ಒಂದು, ಹೊಗೆ. ಹಿಂದಿನ ಗಾಜಿಲ್ಲದ ವ್ಯಾನು ಓಡುವಾಗ ಬೆನ್ನ ಹಿಂದೆ ಗಾಳಿ ಸುಳಿಯಾಡಿ ಇಂಜಿನ್ನಿನ ಹೊಗೆಯನ್ನು ಒಳಕ್ಕೆಳೆಯುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೆಹಲಿಯ ಚಳಿಗೆ ಹೆದರಿ ಪಕ್ಕದ ಕಿಟಕಿಗಳನ್ನೂ ಮುಚ್ಚಿದರೆ ಇನ್ನೂ ಕೆಟ್ಟದು. ತಲೆ ಭಾರವಾಗುತ್ತದೆ, ತೂಕಡಿಕೆ ಬರುತ್ತದೆ, ಮುಂದೆ ಏನಾಗುವುದೆಂದು ಹೇಳಬೇಕಾಗಿಲ್ಲ. ಒಯ್ಯಲೇಬೇಕಾದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಬಿಗಿದು, ಮುಂದಿನ ಕಿಟಕಿ ತೆರೆದಿಟ್ಟು, ಹತ್ತಿರದ ಜಾಗಕ್ಕಷ್ಟೇ ನಿಧಾನವಾಗಿ ಒಯ್ಯಿರಿ.

ಎರಡು, ಗಾಜಿನ ಚೂರು. ತರಕಾರಿ ತರುವ ಗಾಡಿಯಲ್ಲಿ ಒಂದು ಹರಳು ಉಳಿದು ಕೊತ್ತಂಬರಿ ಕಟ್ಟಿನಲ್ಲಿ ಸೇರಿದರೆ ಗಿರಾಕಿಯ ಬಾಯಿಗೆ ಹೋಗುತ್ತದೆ. ಗಿರಾಕಿಗೆ ನೋವು, ಬಡಿಸಿದವನ ಕೆಲಸಕ್ಕೆ ಕುತ್ತು. ಕೈಗೆ ದಪ್ಪ ಗವಸು, ಕಣ್ಣಿಗೆ ಕನ್ನಡಕ ಹಾಕಿ ದೊಡ್ಡ ಚೂರುಗಳನ್ನು ಆರಿಸಿ. ಸೀಟಿನ ಹಳಿ, ಸ್ಟೆಪ್ನಿ ಇಡುವ ಜಾಗ, ಚಾಪೆಯ ಅಡಿ, ಬಾಗಿಲಿನ ಸಂದು ಎಲ್ಲವನ್ನೂ ಗುಡಿಸಿ. ಕೊನೆಗೆ ನಾದಿದ ಹಿಟ್ಟಿನ ಉಂಡೆಯಿಂದ ಒತ್ತಿ ಒತ್ತಿ ತೆಗೆದರೆ ಕಣ್ಣಿಗೆ ಕಾಣದ ಪುಡಿಯೂ ಅಂಟಿ ಬರುತ್ತದೆ. ಆ ಉಂಡೆಯನ್ನು ಕಾಗದದಲ್ಲಿ ಸುತ್ತಿ ಎಸೆಯಿರಿ, ಹಸುವಿಗೆ ಹಾಕಬೇಡಿ. ಆ ಪೊರಕೆ ಅಡುಗೆಮನೆಗೆ ಮರಳಿ ಬರಕೂಡದು.

ಈಗ ಗಾಜು ಕೊಳ್ಳುವುದು. ಕಾಶ್ಮೀರಿ ಗೇಟಿನ ಬಿಡಿಭಾಗದ ಪೇಟೆಯಲ್ಲಿ ಹೊಸದು ವಿಚಾರಿಸಿ, ಮಾಯಾಪುರಿಯ ಗುಜರಿಯಲ್ಲಿ ಹಳೆಯದು. ಮೂಲೆಯಲ್ಲಿ ಐ.ಎಸ್.ಐ. ಗುರುತು ನೋಡಿ. ಅಂಚಿನ ಮೇಲೆ ಬೆರಳುಗುರು ಆಡಿಸಿ. ಸಣ್ಣ ಚಕ್ಕೆ ಎದ್ದಿದ್ದರೂ ಬೇಡ, ಕೂರಿಸುವಾಗಲೋ ಒಂದು ತಿಂಗಳ ಮೇಲೋ ಸಿಡಿದೀತು. "ಕಪ್ಪು ಗಾಜು ಅಗ್ಗ" ಎಂದರೆ ಮರುಳಾಗಬೇಡಿ. ಹಿಂದಿನ ಗಾಜು ನೂರಕ್ಕೆ 70ರಷ್ಟಾದರೂ ಬೆಳಕು ಬಿಡಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕಪ್ಪು ಹಾಳೆ ಅಂಟಿಸುವುದರ ವಿರುದ್ಧ 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟಿತು. ಗಾಡಿ ತೀರ ಹಳೆಯದಾದರೆ ಗಾಜಿಗೆ ಹಣ ಹಾಕುವ ಮುನ್ನ ಆರ್.ಸಿ.ಯ ಅವಧಿಯನ್ನೂ ನೋಡಿಕೊಳ್ಳಿ.

ಕೂರಿಸುವ ಕ್ರಮ ಹೀಗೆ. ಗಾಜಿಗೆ ತಂತಿಯ ಸಂಪರ್ಕವಿದ್ದರೆ ಮೊದಲು ಬ್ಯಾಟರಿ ಕಳಚಿಡಿ. ಹಳೆಯ ರಬ್ಬರು ತೆಗೆದು ತಗಡಿನ ಅಂಚನ್ನು ಪರೀಕ್ಷಿಸಿ. ಅಲ್ಲಿ ತುಕ್ಕಿದ್ದರೆ ಕೆರೆದು, ರೆಡ್ ಆಕ್ಸೈಡ್ ಬಳಿದು, ಪೂರ್ತಿ ಒಣಗಿಸಿ. ತುಕ್ಕು ಉಬ್ಬಿ ಗಾಜನ್ನು ಒತ್ತುತ್ತದೆ, ನೀರಿಗೂ ದಾರಿ ಮಾಡುತ್ತದೆ. ರಬ್ಬರು ಬಿರುಕು ಬಿಟ್ಟಿದ್ದರೆ ಹೊಸದನ್ನೇ ಹಾಕಿ. ಜನವರಿಯ ಚಳಿಯಲ್ಲಿ ಅದು ಮರದಂತೆ ಬಿಗಿದಿರುತ್ತದೆ, ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳಿ.

ರಬ್ಬರಿಗೆ ಎರಡು ತೋಡುಗಳಿವೆ. ಒಂದು ಗಾಜಿಗೆ, ಒಂದು ತಗಡಿಗೆ. ಮೊದಲು ಗಾಜಿನ ಸುತ್ತ ರಬ್ಬರು ತೊಡಿಸಿ. ತಗಡಿನ ತೋಡಿನಲ್ಲಿ ಗಟ್ಟಿ ನೈಲಾನ್ ಹುರಿಯನ್ನು ಸುತ್ತಲೂ ಹುದುಗಿಸಿ, ತುದಿಗಳು ಕೆಳಗಡೆ ನಡುವೆ ಒಂದರ ಮೇಲೊಂದು ಒಂದು ಗೇಣು ಹಾಯುವಂತೆ ಇಟ್ಟು, ಗಾಡಿಯ ಒಳಗೆ ಇಳಿಬಿಡಿ. ತೋಡಿಗೂ ತಗಡಿಗೂ ಸೋಪಿನ ನೀರು ಸವರಿ. ಎಣ್ಣೆ, ಗ್ರೀಸು ಬೇಡ, ಅವು ರಬ್ಬರನ್ನು ಕೆಡಿಸುತ್ತವೆ. ಈಗ ಒಬ್ಬರು ಹೊರಗಿನಿಂದ ಗಾಜನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು. ಒಳಗಿನವರು ಹುರಿಯ ಒಂದು ತುದಿಯನ್ನು ಗಾಜಿನ ನಡುಭಾಗದ ಕಡೆಗೆ ನಿಧಾನವಾಗಿ ಎಳೆಯಬೇಕು. ಹುರಿ ಬರುತ್ತಿದ್ದಂತೆ ರಬ್ಬರಿನ ತುಟಿ ತಗಡಿನ ಮೇಲೆ ಮಗುಚಿಕೊಳ್ಳುತ್ತದೆ. ಹೊರಗಿನವರ ಅಂಗೈ ಹುರಿಯ ಜೊತೆ ಜೊತೆಗೇ ಸಾಗಬೇಕು. ಮೂಲೆಯಲ್ಲಿ ಸಿಕ್ಕಿಕೊಂಡರೆ ನಿಲ್ಲಿಸಿ, ಸೋಪುನೀರು ಹಾಕಿ ಮತ್ತೆ ಎಳೆಯಿರಿ. ಸುತ್ತಿಗೆ, ಸ್ಕ್ರೂಡ್ರೈವರು ಗಾಜಿನ ಅಂಚಿಗೆ ತಾಗಕೂಡದು.

ಕೊನೆಗೆ ನೀರಿನ ಪರೀಕ್ಷೆ. ಒಬ್ಬರು ಒಳಗೆ ಟಾರ್ಚು ಹಿಡಿದು ಕೂರಲಿ, ಇನ್ನೊಬ್ಬರು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಡಲಿ. ಜಿನುಗಿದ ಜಾಗವನ್ನು ಗುರುತು ಮಾಡಿ, ಒಣಗಿದ ಮೇಲೆ ಹೊರತುಟಿಯ ಅಡಿಗೆ ರಬ್ಬರು ಗಾಜಿಗೆಂದೇ ಬರುವ ಸೀಲೆಂಟ್ ತುಂಬಿ.

ಬಂಧುಗಳೇ, ಈ ಕೆಲಸಕ್ಕೆ ದೊಡ್ಡ ವಿದ್ಯೆ ಬೇಡ, ಆದರೆ ಎರಡನೆಯವನು ಬೇಕೇಬೇಕು. ಹೊರಗಿನವನಿಗೆ ಹುರಿ ಕಾಣದು, ಒಳಗಿನವನಿಗೆ ಅಂಗೈ ಎಟುಕದು. ಒಬ್ಬನೇ ಮಾಡಹೊರಟರೆ ಗಾಜು ಜಾರುತ್ತದೆ, ಕೈಯೂ ಕೊಯ್ಯುತ್ತದೆ. ಗಿರಣಿಯಲ್ಲಿ ಕೈ ಸವೆಸಿದ ಹಿರಿಯರು ನಮ್ಮಲ್ಲಿದ್ದಾರೆ, ಒತ್ತಡ ಎಷ್ಟು ಹಾಕಬೇಕೆಂದು ಅವರ ಕೈಗೆ ಗೊತ್ತು. ಯಾರದಾದರೂ ಗಾಜು ಒಡೆದರೆ ಭಾನುವಾರದವರೆಗೆ ತಡೆದು ಸಂಘದಲ್ಲಿ ಹೇಳಿ. ಒಬ್ಬರಲ್ಲ, ಇಬ್ಬರು ಬರುತ್ತಾರೆ. ಚಹಾದ ಖರ್ಚು ಮಾತ್ರ ಗಾಡಿಯವರದು.