ಎಳೆಯರಿಗೆ ಕೊಟ್ಟ ಮಾತು



ಕಡಬದ ಹೆಸರು ವಿದ್ವಜ್ಜನರಿಗೆ ಪರಿಚಿತವಾದುದು ಒಂದು ತಾಮ್ರಶಾಸನದ ಮೂಲಕ. ರಾಷ್ಟ್ರಕೂಟರ ಪ್ರಭೂತವರ್ಷ ಗೋವಿಂದನು ಚಾಕಿರಾಜನ ಬಿನ್ನಹದಂತೆ ಅರ್ಕಕೀರ್ತಿಯೆಂಬ ಜೈನ ಮುನಿಗೆ ಜಾಲಮಂಗಲವೆಂಬ ಗ್ರಾಮವನ್ನು ದಾನವಿತ್ತ ಸಂಗತಿಯನ್ನು ಅದು ಹೇಳುತ್ತದೆ. ಶಕ ವರ್ಷ 735 ಎಂಬುದು ಅದರಲ್ಲಿ ನಮೂದಾಗಿರುವ ಕಾಲ. ನಾಡಿನ ದಾನಶಾಸನಗಳ ಕೊನೆಯಲ್ಲಿ, ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸಿದವನಿಗೆ ಮಹಾಪಾಪವುಂಟೆಂಬ ಶಾಪವಾಕ್ಯವು ಬರುವುದು ವಾಡಿಕೆ. ಆಡಿದ ಮಾತನ್ನು ಮುಂದಿನವರು ಮರೆತಾರೆಂಬ ಅಂಜಿಕೆಯಿಂದಲೇ ಪೂರ್ವಿಕರು ಅದನ್ನು ತಾಮ್ರದಲ್ಲಿ ಕೆತ್ತಿಸಿದರು. ಆದರೆ ಮಕ್ಕಳಿಗೆ ಕೊಟ್ಟ ಮಾತಿಗೆ ತಾಮ್ರದ ಹಲಗೆಯಿಲ್ಲ, ಸಾಕ್ಷಿಗಳ ಹೆಸರಿಲ್ಲ, ಶಾಪವಾಕ್ಯವೂ ಇಲ್ಲ. ಆದಕಾರಣವೇ ಅದು ಸುಲಭವಾಗಿ ಮುರಿಯಲ್ಪಡುತ್ತದೆ.

ಸತ್ಕಾರ್ಯಗಳಿಗೆ ಎಳೆಯರ ಕೈಯಿಂದ ಹಣವನ್ನು ಕೂಡಿಸುವ ಪದ್ಧತಿಯು ಎಲ್ಲರಿಗೂ ತಿಳಿದಿದೆ. 1904ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಐನಾರ್ ಹೋಲ್ಬೋಲ್ ಎಂಬ ಅಂಚೆ ನೌಕರನು ರೋಗಿಗಳಾದ ಮಕ್ಕಳ ನೆರವಿಗಾಗಿ ಕಾಗದಗಳಿಗೆ ಅಂಟಿಸುವ ಚಿಕ್ಕ ಮುದ್ರೆಗಳನ್ನು ಮಾರಿಸಿದನು. ಭಾರತದಲ್ಲಿಯೂ 1950ರಿಂದ ಕ್ಷಯರೋಗ ನಿವಾರಣೆಗಾಗಿ ಇಂಥ ಮುದ್ರೆಗಳು ಮಾರಾಟವಾದುವು. ಶಾಲೆಯ ಮಕ್ಕಳ ಕೈಗಳೂ ಆ ಕೆಲಸಕ್ಕೆ ಒದಗಿದುವು. 1949ರಲ್ಲಿ ಗೊತ್ತಾದಂತೆ ಡಿಸೆಂಬರ್ 7ನೆಯ ದಿನ ಸೈನಿಕರ ಕ್ಷೇಮನಿಧಿಗಾಗಿ ಧ್ವಜಗಳನ್ನು ಹಂಚಿ ಹಣ ಸಂಗ್ರಹಿಸುವ ಏರ್ಪಾಡಿದೆ. ದುಡಿದೇ ಹಣ ತರಬೇಕೆಂಬ ಸ್ಕೌಟುಗಳ ಖರಿ ಕಮಾಯಿಯೂ ಉಂಟು. ಇನ್ನು ಗ್ರಾಮಗಳಲ್ಲಿ ಗಣೇಶನ ಹಬ್ಬ, ರಥೋತ್ಸವ, ಶಾಲೆಯ ಕೊಠಡಿ ಇವುಗಳಿಗೆ ಬಾಲಕರು ರಸೀದಿ ಪುಸ್ತಕ ಹಿಡಿದು ಚಂದಾ ಎತ್ತುವುದನ್ನು ನೋಡದವರಾರು?

ಇಂಥ ಸಮಯದಲ್ಲಿ ಹಿರಿಯರು ಮಕ್ಕಳಿಗೆ ಹುರುಪು ಬರಲೆಂದು ಬಹುಮಾನವನ್ನು ಸಾರುತ್ತಾರೆ: ಇಷ್ಟು ತಂದವರಿಗೆ ಪುಸ್ತಕ, ಅಷ್ಟು ತಂದವರಿಗೆ ಲೇಖನಿ, ಎಲ್ಲರಿಗಿಂತ ಹೆಚ್ಚು ತಂದವರಿಗೆ ಪದಕ. ಕಡಬ ಹೋಬಳಿಯ ಒಬ್ಬ ಬಾಲಿಕೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಅವಳು ಸಂಜೆ ಹೊಲದಿಂದ ಜನರು ಹಿಂದಿರುಗುವ ಹೊತ್ತನ್ನು ಕಾದು ಮನೆಮನೆಯ ಬಾಗಿಲಿಗೆ ಹೋಗುವಳು. ಒಬ್ಬರು ನಾಳೆ ಬಾ ಎನ್ನುವರು, ಇನ್ನೊಬ್ಬರು ಗದರಿಸುವರು, ಮತ್ತೊಬ್ಬ ಮುದುಕಿಯು ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯವನ್ನು ಕೊಡುವಳು. ಅವೆಲ್ಲವನ್ನೂ ಲೆಕ್ಕವಿಟ್ಟು ತಂದೊಪ್ಪಿಸುವಳು. ಕಾರ್ಯವು ವಿಜೃಂಭಣೆಯಿಂದ ನೆರವೇರುತ್ತದೆ. ಹಾರತುರಾಯಿಗಳು ದೊಡ್ಡವರಿಗೆ ಸಲ್ಲುತ್ತವೆ. ಪುಸ್ತಕದ ಮಾತನ್ನು ಯಾರೂ ಎತ್ತುವುದಿಲ್ಲ. ಅವಳು ಕೇಳಿದರೆ, "ದೇವರ ಕೆಲಸಕ್ಕೆ ಕೂಲಿ ಕೇಳಬಹುದೇ ಮಗು?" ಎಂಬ ಉತ್ತರವು ಬರುತ್ತದೆ. ಮಾತಿಗೆ ತಪ್ಪಿದವರು ಹಿರಿಯರು; ನಾಚಿ ತಲೆತಗ್ಗಿಸುವವಳು ಬಾಲಿಕೆ. ಇದಕ್ಕಿಂತ ದೊಡ್ಡ ಅನ್ಯಾಯವುಂಟೇ?

ನಿಷ್ಕಾಮಸೇವೆಯು ಶ್ರೇಷ್ಠವೆಂಬುದು ನಿರ್ವಿವಾದ. ಹಾಗಾದರೆ ಮೊದಲೇ ಬಹುಮಾನವನ್ನು ಸಾರದೆ ಸೇವೆಯ ಮಹಿಮೆಯನ್ನೇ ಬೋಧಿಸಬೇಕಾಗಿತ್ತು. ಆಸೆಯನ್ನು ತೋರಿಸಿ ದುಡಿಸಿಕೊಂಡು, ಕೊಡುವ ಕಾಲಕ್ಕೆ ವೈರಾಗ್ಯವನ್ನು ಉಪದೇಶಿಸುವುದು ಧರ್ಮವಲ್ಲ, ಧರ್ಮದ ಹೆಸರಿನ ವಂಚನೆ. ಲೌಕಿಕ ನ್ಯಾಯವೂ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯಿದೆಯಂತೆ, ಒಬ್ಬನು ಮುಂದಿಟ್ಟ ಷರತ್ತನ್ನು ಮತ್ತೊಬ್ಬನು ನಡೆಸಿಕೊಟ್ಟರೆ ಅದೇ ಒಪ್ಪಿಗೆಯೆನಿಸುತ್ತದೆ. ಮಗುವು ಕೋರ್ಟಿನ ಮೆಟ್ಟಿಲು ಹತ್ತಲಾರದು ನಿಜ. ಹತ್ತಲಾರದವರ ಸಾಲವನ್ನು ಮೊದಲು ತೀರಿಸುವುದೇ ಸಜ್ಜನರ ಲಕ್ಷಣ.

ಮುರಿದ ಮಾತು ಮಗುವಿನಲ್ಲಿ ಏನನ್ನು ಕೆಡಿಸುತ್ತದೆಂಬುದನ್ನು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಪಂಡಿತರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. 28 ಮಂದಿ ಎಳೆಯ ಮಕ್ಕಳನ್ನು ಎರಡು ಪಂಗಡ ಮಾಡಿದರು. ಒಳ್ಳೆಯ ಬಣ್ಣದ ಕಡ್ಡಿಗಳನ್ನು ತರುವೆವೆಂದು ಹೇಳಿ ಒಂದು ಪಂಗಡಕ್ಕೆ ತಂದುಕೊಟ್ಟರು. ಇನ್ನೊಂದಕ್ಕೆ ಬರಿಗೈಯಲ್ಲಿ ಬಂದರು. ತರುವಾಯ ಪ್ರತಿ ಮಗುವಿನ ಮುಂದೆ ಒಂದು ಸಿಹಿಯನ್ನಿಟ್ಟು, ತಿನ್ನದೆ ಕಾದರೆ ಎರಡು ಕೊಡುವೆವೆಂದರು. ಮಾತು ನಡೆದುದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ಮುರಿದುದನ್ನು ಕಂಡವರು 3 ನಿಮಿಷ ಮಾತ್ರ. ತಾಳ್ಮೆಯು ಮಗುವಿನ ಸ್ವಭಾವವಷ್ಟೇ ಅಲ್ಲ, ಹಿರಿಯರ ನಡತೆಯ ಫಲವೂ ಹೌದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಬಾಲ್ಯದಲ್ಲಿ ಹರಿಶ್ಚಂದ್ರನ ನಾಟಕವನ್ನು ಕಂಡು ಎಲ್ಲರೂ ಅವನಂತೇಕಾಗಬಾರದೆಂದು ಹಂಬಲಿಸಿದುದಾಗಿ ಮಹಾತ್ಮಾ ಗಾಂಧಿಯವರು ಆತ್ಮಕಥೆಯಲ್ಲಿ ಹೇಳಿದ್ದಾರೆ. ಪುಣ್ಯಕೋಟಿಯ ಕಥೆಯನ್ನು ಕನ್ನಡ ಮಕ್ಕಳಿಗೆ ಕಲಿಸುವ ಹಿರಿಯರೇ ಮಾತಿಗೆ ತಪ್ಪಿದರೆ ಆ ಪಾಠವು ಬಾಯಿಪಾಠವಾಗಿ ಉಳಿದೀತೇ ಹೊರತು ಬಾಳಿನ ಪಾಠವಾಗಲಾರದು.

ಶರಣಧರ್ಮದಲ್ಲಿ ನುಡಿ ನಡೆಗಳ ಐಕ್ಯವೇ ಪ್ರಧಾನ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿ ಲಕ್ಕಮ್ಮನು ಹೆಚ್ಚಾದುದನ್ನು ಹಿಂದಕ್ಕೊಯ್ದು ಸುರಿದುಬರುವಂತೆ ಹೇಳಿದ ಕಥೆಯು ಭಕ್ತರಿಗೆ ಗೊತ್ತು. ಕೂಡಿಸುವವರ ಶುಚಿತ್ವಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ವಿದ್ಯಾರ್ಥಿಗಳ ದಾಸೋಹಕ್ಕಾಗಿ ಹಳ್ಳಿಹಳ್ಳಿ ಸಂಚರಿಸಿದಾಗ ರೈತರು ಮನಸಾರೆ ದವಸವನ್ನು ನೀಡಿದರು. ಕೊಟ್ಟ ರಾಗಿಯು ಮಕ್ಕಳ ತಟ್ಟೆಗೆ ಬಂದುದನ್ನು ಅವರು ಕಣ್ಣಾರೆ ಕಂಡಿದ್ದರು. ನಂಬುಗೆಯೇ ಎಲ್ಲ ಭಿಕ್ಷೆಯ ಮೂಲಧನ.

ಆದುದರಿಂದ ಎಳೆಯರನ್ನು ಚಂದಾ ಕಾರ್ಯಕ್ಕೆ ತೊಡಗಿಸುವವರು ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ಬಹುಮಾನದ ವಸ್ತುವನ್ನು ಮೊದಲು ಕೊಂಡಿಟ್ಟು ಅನಂತರ ಸಾರಬೇಕು. ಅದರ ವೆಚ್ಚವನ್ನು ಚಂದಾ ಹಣದಿಂದ ತೆಗೆಯದೆ ಬೇರೊಬ್ಬ ದಾನಿಯಿಂದ ಪಡೆಯಬೇಕು. ಏಕೆಂದರೆ ಮುದುಕಿಯು ಸೆರಗು ಬಿಚ್ಚಿ ಕೊಟ್ಟುದು ಕಾರ್ಯಕ್ಕೇ ಹೊರತು ಪದಕಕ್ಕಲ್ಲ. ಕೊಡುವ ದಿನವನ್ನೂ ಷರತ್ತನ್ನೂ ಬರೆದು ಶಾಲೆಯ ಗೋಡೆಗೆ ಅಂಟಿಸಬೇಕು. ಹಣದ ಮೊತ್ತವೊಂದನ್ನೇ ಅಳತೆಗೋಲು ಮಾಡಲಾಗದು. ಸಿರಿವಂತನ ಮಗನು ತಂದೆಯ ಜೇಬಿನಿಂದಲೇ ಗೆಲ್ಲುವನು, ಬಡವನ ಮಗಳು ನಲವತ್ತು ಮನೆ ತಿರುಗಿಯೂ ಸೋಲುವಳು. ಶುದ್ಧವಾಗಿ ಲೆಕ್ಕ ಒಪ್ಪಿಸಿದ ಪ್ರತಿಯೊಂದು ಮಗುವಿಗೂ ಏನಾದರೊಂದು ಸಲ್ಲಲಿ. ದೈವವಶಾತ್ ಕೊಡಲಾಗದಿದ್ದರೆ, ಯಾವ ಸಭೆಯಲ್ಲಿ ಮಾತು ಕೊಟ್ಟರೋ ಅದೇ ಸಭೆಯಲ್ಲಿ ಹಿರಿಯರು ಮಕ್ಕಳ ಕ್ಷಮೆಯನ್ನು ಬೇಡಿ, ಮತ್ತೊಂದು ದಿನವನ್ನು ಗೊತ್ತುಮಾಡಿ ಸಲ್ಲಿಸಬೇಕು. ಇದರಿಂದ ಹಿರಿತನಕ್ಕೆ ಕುಂದಿಲ್ಲ.

ಎಂದೋ ಸಾರಿ ಮರೆತ ಬಹುಮಾನದ ನೆನಪು ಇಲ್ಲಿ ನೆರೆದ ಯಾರಿಗಾದರೂ ಉಂಟಾದರೆ, ಆ ಮಗು ಇಂದು ದೊಡ್ಡದಾಗಿದ್ದರೂ ಸರಿಯೇ, ಮನೆಗೆ ಹೋಗಿ ಸಲ್ಲಿಸಿರಿ. ತಾಮ್ರದ ಅಕ್ಷರವನ್ನು ಅಗೆದು ತೆಗೆದು ಓದಬೇಕು. ಎಳೆಯ ಮನಸ್ಸಿನ ಅಕ್ಷರವನ್ನು ಆ ಮನಸ್ಸು ದಿನವೂ ಓದುತ್ತಿರುತ್ತದೆ. ಪರಶಿವನು ಎಲ್ಲರಿಗೂ ನುಡಿದಂತೆ ನಡೆಯುವ ಶಕ್ತಿಯನ್ನು ಕರುಣಿಸಲಿ.

ಶುಭಮಸ್ತು.