ಸೌಟು ಹಿಡಿದ ಅಪ್ಪ

(ಬದನಗುಪ್ಪೆಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಮಕ್ಕಳ ಪುಸ್ತಕದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇದೆ.

ಈಚೆಗೆ ಒಂದು ಅಂಗನವಾಡಿಯಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಚಿತ್ರದ ಪುಸ್ತಕ ತೋರಿಸುತ್ತಿದ್ದೆ. ಒಂದು ಪುಟದಲ್ಲಿ ಅಪ್ಪ ಒಲೆಯ ಹತ್ತಿರ ಸೌಟು ಹಿಡಿದು ನಿಂತಿದ್ದಾನೆ, ಅವ್ವ ಪಕ್ಕದಲ್ಲಿ ಕೂತಿದ್ದಾಳೆ. ‘ಅಪ್ಪ ಏನು ಮಾಡ್ತಾ ಇದ್ದಾನೆ?’ ಎಂದು ಕೇಳಿದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಥಟ್ಟನೆ, ‘ಅವ್ವನ ಹೊಡಿಯಾಕ ಬತ್ತಾವ್ನ’ ಎಂದಳು. ಉಳಿದ ಮಕ್ಕಳು ಯಾರೂ ನಗಲಿಲ್ಲ. ಆ ಅಪ್ಪ ಸಾರು ಬಡಿಸುತ್ತಿದ್ದ, ಅಷ್ಟೆ. ಪುಟ ತಿರುಗಿಸಲು ನನಗೆ ಕೈ ಬರಲಿಲ್ಲ.

1975ರಲ್ಲಿ ನಮ್ಮ ಪಕ್ಕದ ತಿ. ನರಸೀಪುರದಲ್ಲೇ ರಾಜ್ಯದ ಅಂಗನವಾಡಿಗಳು ಮೊದಲು ಶುರುವಾದದ್ದು. ಅಂಗನವಾಡಿಗೆ ಹೋದರೆ ಇವತ್ತಿಗೂ ಹಿಟ್ಟು ಬಂತೇ, ಮೊಟ್ಟೆ ಬಂತೇ ಎಂದು ಕೇಳುತ್ತೇವೆ. ಪುಸ್ತಕ ಬಂತೇ ಎಂದು ಕೇಳುವುದಿಲ್ಲ. ಈಗ ಪುಸ್ತಕಕ್ಕೆ ಬರವಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ 2015ರಿಂದ ಕನ್ನಡದ ಚಿತ್ರಕತೆಗಳನ್ನು ಮೊಬೈಲಿನಲ್ಲೇ ಕಾಸಿಲ್ಲದೆ ಓದಬಹುದು. 2020ರಲ್ಲಿ ‘ಓದುವ ಬೆಳಕು’ ಶುರುವಾದಾಗಿನಿಂದ ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಪುಕ್ಕಟೆ ಸೇರಿಸಬಹುದು.

ಕುಂಟುವ ಗೆಳೆಯನನ್ನು, ಬೇರೆ ಕೇರಿಯ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳಿ ಎಂದು ಹೇಳುವ ಪುಸ್ತಕಗಳು ಬೇಕೇ ಬೇಕು. ಆದರೆ ಓದಿಸುವಾಗ ಒಂದು ಮಾತು ನೋಡಿ: ಕತೆಯಲ್ಲಿ ಸದಾ ತಾಳಿಕೊಳ್ಳುವವರು ಯಾರು? ಹೆಣ್ಣುಮಗುವೇ ಆದರೆ ಅದು ದಯೆಯ ಪಾಠವಲ್ಲ. ಬಾಕಿ ವರದಕ್ಷಿಣೆಗಾಗಿ ಏಟು ತಿಂದು ತವರಿಗೆ ಬಂದಾಗ ನನ್ನವ್ವ ‘ಹೊಂದ್ಕಂಡು ಹೋಗವ್ವ’ ಎಂದಳು. ಅವಳು ಕೆಟ್ಟವಳಲ್ಲ. ಅವಳಿಗೆ ಅವಳವ್ವ ಹೇಳಿದ್ದೂ ಅದೇ. ಬೈಗುಳ, ಹೀಯಾಳಿಕೆ, ಗಂಡುಮಗು ಹೆರಲಿಲ್ಲವೆಂಬ ಮೂದಲಿಕೆ ಕೂಡ ದೌರ್ಜನ್ಯವೇ ಎಂದು 2005ರ ಕಾನೂನು ಹೇಳುವ ಹೊತ್ತಿಗೆ ನನ್ನ ತಲೆ ಅರ್ಧ ನೆರೆತಿತ್ತು.

ಮಹಾಶ್ವೇತಾ ದೇವಿಯವರು ಮೊಯ್ನಾ ಎಂಬ ಶಬರ ಹುಡುಗಿಯ ಕತೆ ಬರೆದಿದ್ದಾರೆ. ಚೆನ್ನೈನ ತೂಲಿಕಾದವರು 2003ರಲ್ಲಿ ಅದನ್ನು ಚಿತ್ರಗಳೊಂದಿಗೆ ತಂದರು. ಧಣಿಗಳ ಮೇಕೆ ಕಾಯುವ ಹುಡುಗಿ ಎಲ್ಲಕ್ಕೂ ‘ಯಾಕೆ?’ ಎನ್ನುತ್ತಾಳೆ. ನೀರಿಗೆ ಅಷ್ಟು ದೂರ ಯಾಕೆ ಹೋಗಬೇಕು? ಎರಡು ಹೊತ್ತು ಅನ್ನ ಯಾಕಿಲ್ಲ? ಇಂಥ ಹುಡುಗಿಯರು ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲೂ ಇದ್ದಾರೆ, ನಮ್ಮ ಮನೆಗಳಲ್ಲೂ ಇದ್ದಾರೆ. ನಾವೇ ‘ಬಾಯಿ ಮುಚ್ಚು’ ಎನ್ನುತ್ತೇವೆ.

ಗಂಡುಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲು ಓದಿ. ಅತ್ತರೆ ‘ಹುಡುಗಿ ಹಂಗೆ ಅಳಬ್ಯಾಡ’ ಎನ್ನಬೇಡಿ.

ಆ ಹುಡುಗಿಯ ತಾಯಿಯ ಜೊತೆ ಎರಡು ಸಂಜೆ ಮಾತಾಡಿದ್ದೇನೆ. 181ಕ್ಕೆ ಫೋನು ಮಾಡಬಹುದು, ನಾನೂ ಜೊತೆಗಿರುತ್ತೇನೆ ಎಂದಿದ್ದೇನೆ. ಇನ್ನೂ ಮಾಡಿಲ್ಲ. ಹುಡುಗಿ ಮಾತ್ರ ನನ್ನನ್ನು ಕಂಡಾಗಲೆಲ್ಲ ಸಾರು ಬಡಿಸುವ ಅಪ್ಪನ ಪುಟವನ್ನೇ ತೆಗೆದು ತೋರಿಸು ಎನ್ನುತ್ತಾಳೆ.